ಐದು ಮನೆ, ಒಂದು ವಚನ

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಗಾಣಗಾಪುರದ ಓಣಿಗಳಲ್ಲಿ ಜೋಳಿಗೆಗಳು ಹೊರಡುತ್ತವೆ. ಬಂದ ಭಕ್ತರು ಪುಣೆಯ ವ್ಯಾಪಾರಿಯಿರಲಿ, ಸೊಲ್ಲಾಪುರದ ಡಾಕ್ಟರಿರಲಿ, ಇಲ್ಲಿಗೆ ಬಂದ ಮೇಲೆ ಕನಿಷ್ಠ ಐದು ಮನೆಯ ಬಾಗಿಲಲ್ಲಿ ನಿಂತು ಭಿಕ್ಷೆ ಬೇಡಬೇಕು. ಇದಕ್ಕೆ ಮಧುಕರಿ ಎನ್ನುತ್ತಾರೆ. ಒಂದು ಮನೆಯವರು ರೊಟ್ಟಿಯ ತುಂಡು ಹಾಕುತ್ತಾರೆ, ಇನ್ನೊಂದು ಮನೆಯವರು ಹಿಡಿ ಅನ್ನ, ಮತ್ತೊಬ್ಬರು ಒಂದಿಷ್ಟು ಪಲ್ಲೆ. ದತ್ತಾತ್ರೇಯನೂ ಯಾವುದೋ ವೇಷದಲ್ಲಿ ಇದೇ ಹೊತ್ತಿಗೆ ಈ ಊರಿಗೆ ಭಿಕ್ಷೆಗೆ ಬರುತ್ತಾನೆ ಎಂಬುದು ನಂಬಿಕೆ. ಹಾಗಾಗಿ ಕೊಡುವವರಿಗೂ ಎದುರು ನಿಂತವರು ಯಾರೋ ಏನೋ ಎಂಬ ಭಯಭಕ್ತಿ. ಜೇನುಹುಳ ಹೂವಿಂದ ಹೂವಿಗೆ ಹೋಗಿ ಹನಿಹನಿ ತರುವ ಹಾಗೆ ತರುವುದರಿಂದ ಮಧುಕರಿ ಎಂಬ ಹೆಸರು. ಐದು ಮನೆ ಮುಗಿದ ಮೇಲೆ ಆರನೆಯ ಮನೆಗೆ ಓಡುತ್ತಲೇ ಇರುವುದು ಯಾರ ಉದ್ದೇಶವೂ ಅಲ್ಲ. ಹಿಂದಿರುಗಿ ಬರಬೇಕು, ಕೂಡಬೇಕು, ತಂದದ್ದನ್ನು ಕಲಸಿ ಉಣ್ಣಬೇಕು.

ಪುಟ್ಟ ಕವಿತೆಯೊಂದನ್ನು ತರಗತಿಯಲ್ಲಿ ಹೇಗೆ ಓದಬೇಕು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ಮಧುಕರಿ.

ಹತ್ತು ಸಾಲಿನ ವಚನ ನಮ್ಮ ಶಾಲೆಗಳಲ್ಲಿ ಒಂದು ಪೀರಿಯಡ್ಡಿನ ಸರಕು. ಕವಿ-ಕಾವ್ಯ ಪರಿಚಯ, ಕಠಿಣ ಪದಗಳ ಅರ್ಥ, ಸಾರಾಂಶ, ‘ಸಂದರ್ಭದೊಂದಿಗೆ ಸ್ವಾರಸ್ಯ ಬರೆಯಿರಿ’. ಉಳಿದದ್ದನ್ನು ಗೈಡು ನೋಡಿಕೊಳ್ಳುತ್ತದೆ. ಕೃತಿ ಚಿಕ್ಕದು, ಆದ್ದರಿಂದ ಪಾಠವೂ ಚಿಕ್ಕದು ಎಂದು ಎಲ್ಲರೂ ಒಪ್ಪಿಕೊಂಡ ಹಾಗಿದೆ. ನನಗೆ ಇದು ತಲೆಕೆಳಗಾದ ಲೆಕ್ಕವಾಗಿ ಕಾಣುತ್ತದೆ. ಕಾದಂಬರಿ ತನಗೆ ಬೇಕಾದ ಊರು, ಜನ, ಕಾಲವನ್ನು ತಾನೇ ಹೊತ್ತು ತರುತ್ತದೆ. ವಚನಕ್ಕೆ ಅಷ್ಟು ಜಾಗವಿಲ್ಲ. ಅದು ಒಂದು ಪದವನ್ನಷ್ಟೇ ಇಟ್ಟು, ಆ ಪದದ ಹಿಂದಿನ ಮನೆಮಾರು ನಿನಗೆ ಗೊತ್ತಿದೆಯಲ್ಲ ಎಂದುಕೊಂಡು ಮುಂದೆ ಹೋಗುತ್ತದೆ. ಗೊತ್ತಿಲ್ಲದ ಮಗುವಿಗೆ ಆ ಬಾಗಿಲನ್ನು ತೋರಿಸುವವರು ಬೇಕು. ಹೈಪರ್‌ಟೆಕ್ಸ್ಟ್ ಎನ್ನುವುದು ಇಂಥ ಬಾಗಿಲುಗಳನ್ನು ಇಡುವ ಒಂದು ವಿಧಾನ.

ಆ ಹೆಸರು ಹುಟ್ಟಿದ್ದು ಅಮೆರಿಕದಲ್ಲಿ. ಟೆಡ್ ನೆಲ್ಸನ್ 1965ರ ತಮ್ಮ ಪ್ರಬಂಧವೊಂದರಲ್ಲಿ ಅದನ್ನು ಬಳಸಿದರು. ಒಂದೇ ದಾರಿಯಲ್ಲಿ ಮೊದಲಿನಿಂದ ಕೊನೆಗೆ ಸಾಗದೆ, ನಡುನಡುವೆ ಕವಲೊಡೆದು ಬೇರೆ ಬರಹಕ್ಕೆ ಹಾಯಬಹುದಾದ ಬರಹ ಎಂದು ಅದರ ಅರ್ಥ. ಅದಕ್ಕೂ ಇಪ್ಪತ್ತು ವರ್ಷ ಮೊದಲು, 1945ರಲ್ಲಿ, ವ್ಯಾನೆವರ್ ಬುಶ್ ಎಂಬ ಎಂಜಿನಿಯರ್ ಓದುಗ ತನ್ನ ಓದಿನ ಜಾಡುಗಳನ್ನು ಉಳಿಸಿಟ್ಟು ಇನ್ನೊಬ್ಬರಿಗೆ ಕೊಡಬಲ್ಲ ಯಂತ್ರವೊಂದನ್ನು ಕಾಗದದ ಮೇಲೆ ಕಲ್ಪಿಸಿದ್ದರು. 1989ರಲ್ಲಿ ಟಿಮ್ ಬರ್ನರ್ಸ್-ಲೀ ಇದೇ ತತ್ವದ ಮೇಲೆ ವಿಶ್ವಜಾಲದ ನಕ್ಷೆ ಬರೆದರು. ಇವತ್ತು ನಾವು ಮೊಬೈಲಿನಲ್ಲಿ ಒತ್ತುವ ನೀಲಿ ಅಕ್ಷರಗಳೆಲ್ಲ ಅಲ್ಲಿಂದ ಬಂದವು.

ಸಾಹಿತ್ಯದ ತರಗತಿಗೆ ಇದನ್ನು ಗಂಭೀರವಾಗಿ ತಂದವರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಜಾರ್ಜ್ ಲ್ಯಾಂಡೋ ಮುಖ್ಯರು. ಟೆನಿಸನ್ ಕವಿ ತನ್ನ ಗೆಳೆಯನ ಸಾವಿನ ದುಃಖದಲ್ಲಿ ಬಿಡಿಬಿಡಿಯಾಗಿ ಬರೆದ ‘ಇನ್ ಮೆಮೋರಿಯಮ್’ ಕಾವ್ಯವನ್ನು ಅವರು ವಿದ್ಯಾರ್ಥಿಗಳ ಜೊತೆ ಸೇರಿ ಕೊಂಡಿಗಳ ಜಾಲವಾಗಿ ಕಟ್ಟಿದರು. ಒಂದು ಭಾಗದಲ್ಲಿ ಬಂದ ಚಿತ್ರ ಇನ್ನೊಂದರಲ್ಲಿ ಹೇಗೆ ಮರಳಿ ಬರುತ್ತದೆ, ಆ ಕಾಲದ ವಿಜ್ಞಾನ ಏನು ಹೇಳುತ್ತಿತ್ತು, ಇವನ್ನೆಲ್ಲ ಮಕ್ಕಳೇ ಹುಡುಕಿ ಬೆಸೆದರು. ಲ್ಯಾಂಡೋ ಎತ್ತಿದ ಒಂದು ಪ್ರಶ್ನೆ ನಮಗೆ ಬಹಳ ಬೇಕಾದದ್ದು. ಓದುಗನನ್ನು ಒಂದು ಪುಟದಿಂದ ಕಳಿಸುವಾಗ ಎಲ್ಲಿಗೆ ಹೋಗುತ್ತಿದ್ದೇನೆಂದು ಅವನಿಗೆ ತಿಳಿಯಬೇಕು, ಹೋಗಿ ಮುಟ್ಟಿದಾಗ ಯಾಕೆ ಬಂದೆನೆಂದೂ ತಿಳಿಯಬೇಕು. ಹೊರಡುವುದು, ತಲುಪುವುದು ಎರಡಕ್ಕೂ ಒಂದು ಶಿಸ್ತು ಬೇಕು ಎಂಬುದು ಅವರ ವಾದ. ಗಾಣಗಾಪುರದ ಜೋಳಿಗೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಯಂತ್ರ ಹೊರಗಿನದಾದರೂ ಬೆಸೆಯುವ ಬುದ್ಧಿ ನಮ್ಮಲ್ಲಿ ಹಳೆಯದು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಮೊದಲ ಶೂನ್ಯಸಂಪಾದನೆಯನ್ನು ಕಟ್ಟಿದ. ಅದಕ್ಕೂ ಮುನ್ನೂರು ವರ್ಷ ಹಿಂದೆ ಬೇರೆಬೇರೆ ಶರಣರು ಹೇಳಿದ ವಚನಗಳನ್ನು ಎತ್ತಿ, ಈ ವಚನಕ್ಕೆ ಆ ವಚನ ಉತ್ತರ, ಈ ಮಾತಿಗೆ ಅವರ ಮರುಮಾತು ಎಂದು ಜೋಡಿಸಿ, ಅಲ್ಲಮನ ಸುತ್ತ ಒಂದು ದೊಡ್ಡ ಸಂವಾದವನ್ನೇ ನಿಲ್ಲಿಸಿದ. ಬಳಿಕ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣ ಅದೇ ಸಾಮಗ್ರಿಯನ್ನು ಬೇರೆ ಬೇರೆ ರೀತಿ ಬೆಸೆದರು. ವಚನಗಳು ಅವೇ, ಕೊಂಡಿಗಳು ಬೇರೆ. ಕೊಂಡಿ ಬದಲಾದಾಗ ಅರ್ಥವೂ ಹೊರಳಿತು. ಒಂದು ವಚನವನ್ನು ಒಂಟಿಯಾಗಿ ಓದುವುದಕ್ಕೂ ಇನ್ನೊಂದರ ಎದುರಿಗಿಟ್ಟು ಓದುವುದಕ್ಕೂ ಇರುವ ಅಂತರ ಕನ್ನಡದ ಓದುಗರಿಗೆ ಐದುನೂರು ವರ್ಷಗಳಿಂದ ಗೊತ್ತಿರುವ ಸಂಗತಿ.

ಆ ವಚನಗಳು ನಮ್ಮ ಕೈಗೆ ಬಂದದ್ದೂ ಮನೆಮನೆ ತಿರುಗಿದವರಿಂದಲೇ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ಸುತ್ತಿ, ಜಗಲಿಯ ಮೂಲೆಯಲ್ಲಿ, ದೇವರ ಗೂಡಿನಲ್ಲಿ ಹೊಗೆ ಹಿಡಿದು ಕೂತಿದ್ದ ಓಲೆಗರಿಗಳನ್ನು ಬೇಡಿ ತಂದರು. 1923ರಲ್ಲಿ ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂತು. ಎಪ್ಪತ್ತು ವರ್ಷಗಳ ನಂತರ, 1993ರಲ್ಲಿ, ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರಕಾರ ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಜನರಿಗೆ ಕೊಟ್ಟಿತು. ಆದರೆ ಹದಿನೈದು ಸಂಪುಟಗಳಲ್ಲಿ ಒಂದು ಪದವನ್ನು ಹುಡುಕುವುದು ಶಾಲೆಯ ಮೇಷ್ಟರ ಕೈಲಾಗುವ ಕೆಲಸವಲ್ಲ. ಎಷ್ಟೋ ಶಾಲೆಗಳ ಕಪಾಟಿನಲ್ಲಿ ಆ ಸಂಪುಟಗಳೇ ಇಲ್ಲ.

ಇಲ್ಲಿಗೆ ‘ವಚನ ಸಂಚಯ’ ಬಂತು. ಓಂಶಿವಪ್ರಕಾಶ್ ಮತ್ತು ಅವರ ತಂತ್ರಜ್ಞ ಗೆಳೆಯರು, ವಿಮರ್ಶಕ ಓ.ಎಲ್. ನಾಗಭೂಷಣಸ್ವಾಮಿಯವರ ಮಾರ್ಗದರ್ಶನದಲ್ಲಿ ಕಟ್ಟಿದ ಜಾಲತಾಣ ಅದು. ಇನ್ನೂರಕ್ಕೂ ಹೆಚ್ಚು ವಚನಕಾರರ 20,000ಕ್ಕೂ ಹೆಚ್ಚು ವಚನಗಳು ಯುನಿಕೋಡ್ ಅಕ್ಷರದಲ್ಲಿ ಅಲ್ಲಿವೆ. ಒಂದು ಪದ ಕೊಟ್ಟರೆ ಅದು ಬಂದಿರುವ ವಚನಗಳೆಲ್ಲ ಕಣ್ಣೆದುರು ಸಾಲುಗಟ್ಟುತ್ತವೆ. ಯುನಿಕೋಡ್ ಎಂದು ಸುಮ್ಮನೆ ಹೇಳಿದ್ದಲ್ಲ. ಹಳೆಯ ಫಾಂಟುಗಳಲ್ಲಿ ಕಂಪ್ಯೂಟರಿಗೆ ಏರಿದ ಕನ್ನಡ ನೋಡಲಷ್ಟೇ ಕನ್ನಡವಾಗಿತ್ತು, ಒಳಗೆ ಬೇರೇನೋ ಚಿಹ್ನೆಗಳಿದ್ದವು. ಅದರಲ್ಲಿ ಹುಡುಕಲಾಗುತ್ತಿರಲಿಲ್ಲ, ಹುಡುಕಲಾಗದ ಬರಹಕ್ಕೆ ಕೊಂಡಿ ಹಾಕಲೂ ಆಗುತ್ತಿರಲಿಲ್ಲ. ಒಂದು ತಲೆಮಾರಿನ ಬೆರಳಚ್ಚಿನ ದುಡಿಮೆ ಹೀಗೆ ಮೂಕವಾಗಿ ಉಳಿದದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಈಗ ಅಫಜಲಪುರ ತಾಲೂಕಿನ ಒಂದು ಹೈಸ್ಕೂಲು ಎಂದಿಟ್ಟುಕೊಳ್ಳೋಣ. ಒಂಬತ್ತನೆಯ ಇಯತ್ತೆ. ಪಾಠಕ್ಕೆ ಆಯ್ದಕ್ಕಿ ಮಾರಯ್ಯನ ವಚನ. ದುಡಿಮೆಯಲ್ಲಿ ಮುಳುಗಿದವನು ಗುರುವನ್ನೂ ಲಿಂಗವನ್ನೂ ಜಂಗಮವನ್ನೂ ಮರೆಯಬೇಕಾದೀತು, ಮರೆತರೂ ತಪ್ಪಿಲ್ಲ, ಏಕೆಂದರೆ ಕಾಯಕವೆಂಬುದೇ ಶಿವನ ಮನೆ ಎನ್ನುವ ಧಾಟಿಯ ಆ ವಚನ ಎಲ್ಲರಿಗೂ ಗೊತ್ತು. ಅದರ ‘ಕಾಯಕವೇ ಕೈಲಾಸ’ ಎಂಬ ಮಾತನ್ನು ಕಚೇರಿಯ ಗೋಡೆಗಳ ಮೇಲೆ ಬಸವಣ್ಣನ ಚಿತ್ರದ ಕೆಳಗೆ ಬರೆಸಿರುತ್ತಾರೆ. ಬಸವಣ್ಣನ ಮಾತೆಂದೇ ಜನ ನಂಬಿದ್ದಾರೆ. ಮಕ್ಕಳು ಅದನ್ನು ಹುಡುಕಾಟಕ್ಕೆ ಹಾಕಿದರೆ ಅದು ಹೊರಡುವುದು ಮಾರಯ್ಯನ ಬಾಯಿಂದ. ನೆಲದ ಮೇಲೆ ಬಿದ್ದ ಅಕ್ಕಿ ಆಯ್ದು ಬದುಕಿದ ಮನುಷ್ಯನ ಮಾತು ಮಂತ್ರಿಯ ಹೆಸರಿಗೆ ಹೋಗಿ ಸೇರಿಕೊಂಡದ್ದು ಹೇಗೆ? ಈ ಒಂದು ಪ್ರಶ್ನೆಗೆ ಇಡೀ ಪೀರಿಯಡ್ಡು ಕೊಟ್ಟರೂ ನಷ್ಟವಿಲ್ಲ.

ಆದರೆ ಮೊಬೈಲು ಕೈಗೆತ್ತಿಕೊಳ್ಳುವ ಮೊದಲು ವಚನವನ್ನು ಮೂರು ಸಲ ಗಟ್ಟಿಯಾಗಿ ಓದಬೇಕು. ಇದು ನನ್ನ ಹಟ. ಕಿವಿಗೆ ಬೀಳದ ವಚನದಿಂದ ಯಾವ ಕೊಂಡಿ ಹೊರಟರೂ ಅದು ಬರಿ ಮಾಹಿತಿಯ ಕಡೆಗೆ ಹೋಗುತ್ತದೆ.

ಮೊದಲ ಬಾಗಿಲು ಮಗುವಿನ ಸ್ವಂತ ಮನೆಯದು. ‘ಆಯ್ದಕ್ಕಿ’ ಎಂದರೇನು ಎಂದು ಕೇಳಿದರೆ ಬೆಂಗಳೂರಿನ ಮಗು ಅಡಿಟಿಪ್ಪಣಿ ನೋಡಬೇಕು. ಭೀಮಾ ದಂಡೆಯ ಮಗು ತನ್ನ ಅವ್ವನನ್ನು ಕೇಳಿದರೆ ಸಾಕು. ತೊಗರಿ ರಾಶಿಯಾದ ಮೇಲೆ, ಜೋಳದ ಕೊಯ್ಲು ಮುಗಿದ ಮೇಲೆ ಹೊಲದಲ್ಲಿ ಉಳಿದ ಕಾಳು, ತೆನೆಗಳನ್ನು ಬಡವರ ಮನೆಯ ಹೆಣ್ಣುಮಕ್ಕಳು ಆಯ್ದು ತರುವುದುಂಟು. ಅದಕ್ಕೆ ಹಕ್ಕಲು ಆಯುವುದು ಎಂಬ ಹೆಸರೇ ಇದೆ. “ಹಕ್ಕಲಾ ಆಯಾಕ ನಮ್ಮಮ್ಮನೂ ಹೋಗತಿದ್ಳು ಸರ” ಎಂದು ಹಿಂದಿನ ಬೆಂಚಿನಿಂದ ಒಂದು ದನಿ ಎದ್ದರೆ, ಮಾರಯ್ಯ ಅಕ್ಕಿ ಆಯ್ದ ಕಲ್ಯಾಣದ ಮಹಾಮನೆಯ ಅಂಗಳ ಆ ತರಗತಿಯ ಕಿಟಕಿಯ ಹೊರಗೇ ಬಂದು ನಿಂತ ಹಾಗೆ. ಈ ಕೊಂಡಿಯನ್ನು ಯಾವ ಜಾಲತಾಣವೂ ಕೊಡುವುದಿಲ್ಲ.

ಕಲಬುರಗಿ ಸೀಮೆಯ ಮಕ್ಕಳಿಗೆ ಇದೊಂದು ಬಂಡವಾಳ ಎಂದು ನಾನು ತಿಳಿದಿದ್ದೇನೆ. ಅದನ್ನು ನಾವೇ ಅವರಿಂದ ಕಸಿದುಕೊಳ್ಳುತ್ತಿದ್ದೇವೆ. ಉಣ್ಣು, ಒಯ್ಯು, ಒಲ್ಲೆ, ಏಸು ಇವೆಲ್ಲ ವಚನಗಳಲ್ಲಿ ಓಡಾಡುವ ಪದಗಳು, ಈ ಭಾಗದ ಮನೆಗಳಲ್ಲಿ ಇನ್ನೂ ಉಸಿರಾಡುವ ಪದಗಳು. ‘ಊಟ ಮಾಡಿದೆ’ ಎನ್ನದೆ ‘ಉಂಡೆ’ ಎಂದ ಮಗುವನ್ನು ತರಗತಿಯಲ್ಲಿ ತಿದ್ದುತ್ತೇವೆ. ಮರುಕ್ಷಣ ಪಾಠ ತೆರೆದು ‘ಉಣ್ಣು ಅಂದರೆ ಊಟ ಮಾಡು’ ಎಂದು ಅರ್ಥ ಬರೆಸುತ್ತೇವೆ. ತನ್ನ ಮಾತು ತಪ್ಪು ಎಂದು ಕಲಿತ ಮಗುವಿಗೆ ಬಸವಣ್ಣ ತನ್ನ ಕಡೆಯವನು ಎಂದು ಹೇಗೆ ಅನಿಸೀತು?

ಎರಡನೆಯ ಬಾಗಿಲು ಹುಡುಕಾಟದ್ದು. ಇಲ್ಲಿ ಒಂದು ತೊಡಕಿದೆ, ಆ ತೊಡಕೇ ಪಾಠ. ‘ಕಾಯಕ’ ಎಂದು ಹುಡುಕಿದರೆ ಎಲ್ಲವೂ ಸಿಗುವುದಿಲ್ಲ. ಕನ್ನಡ ಪದಕ್ಕೆ ಬಾಲ ಬೆಳೆಯುತ್ತದೆ. ಕಾಯಕವ, ಕಾಯಕದ, ಕಾಯಕದಲ್ಲಿ, ಕಾಯಕಕ್ಕೆ ಎಂದು ಒಂದೊಂದನ್ನೂ ಬೇರೆಯಾಗಿ ಕೇಳಬೇಕು, ಸಂಧಿಯಾಗಿ ಮುಂದಿನ ಪದಕ್ಕೆ ಅಂಟಿಕೊಂಡದ್ದನ್ನು ಮತ್ತೂ ಉಪಾಯದಿಂದ ಹಿಡಿಯಬೇಕು. ವಿಭಕ್ತಿ ಪ್ರತ್ಯಯಗಳನ್ನು ಕೋಷ್ಟಕ ಹಾಕಿ ಬಾಯಿಪಾಠ ಮಾಡಿದ ಮಕ್ಕಳಿಗೆ ಮೊದಲ ಸಲ ಅವು ಯಾತಕ್ಕೆ ಬೇಕು ಎಂದು ತಿಳಿಯುವ ಗಳಿಗೆ ಇದು. ವಚನದಲ್ಲಿ ‘ಅನ್ನು’ ಇಲ್ಲದೆ ಬರಿ ‘ಅ’ಕಾರದಲ್ಲಿ ದ್ವಿತೀಯಾ ಬರುತ್ತದೆ. ‘ಮಾಡಿದರೆ’ ಬದಲು ‘ಮಾಡಿದಡೆ’ ಇರುತ್ತದೆ. ಇದನ್ನು ಮಕ್ಕಳು ತಾವೇ ಎಡವಿ ಕಂಡುಕೊಂಡರೆ ಹಳಗನ್ನಡ-ನಡುಗನ್ನಡದ ವ್ಯಾಕರಣ ಒಂದು ಪತ್ತೇದಾರಿಯ ಹಾಗೆ ಹಿಡಿಸುತ್ತದೆ. ಇನ್ನೊಬ್ಬ ಹುಡುಗ ‘ಕಾಯ’ ಎಂದು ಹುಡುಕಿಯಾನು. ಮೈಗೆ ಕಾಯ ಎನ್ನುತ್ತಾರೆ, ಮೈಯಿಂದ ಮಾಡಿದ್ದು ಕಾಯಕ. ಎರಡು ಪದಗಳ ನಡುವಿನ ಬಳ್ಳಿ ಕೈಗೆ ಸಿಕ್ಕಿತು.

ಮೂರನೆಯದು ಹೆಂಡತಿಯ ಬಾಗಿಲು. ಮಾರಯ್ಯನ ಅಂಕಿತ ‘ಅಮರೇಶ್ವರಲಿಂಗ’. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರ ಅವರ ಊರೆನ್ನುತ್ತಾರೆ. ಅದೇ ಅಂಕಿತವನ್ನು ಹಿಡಿದು ಹೊರಟರೆ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ ಎಂಬುದು ಎದುರಾಗುತ್ತದೆ. ಅದು ಅವನ ಹೆಂಡತಿ ಲಕ್ಕಮ್ಮನದು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ನಮಗೆ ಬೇಕಾದಷ್ಟೇ ಸಾಕು, ಉಳಿದದ್ದನ್ನು ಅಲ್ಲೇ ಸುರಿದು ಬಾ ಎಂದು ಅವನನ್ನು ತಿರುಗಿ ಕಳಿಸಿದವಳು. ಅಂಕಿತದಲ್ಲಿ ಗಂಡನ ಹೆಸರಿದೆ, ಮಾತಿನಲ್ಲಿ ಗಂಡನಿಗೇ ಬುದ್ಧಿ ಇದೆ. ಹೆಸರಿನ ಮಟ್ಟಿಗೆ ಅವಳು ಅವನ ಹಿಂದೆ, ವಿಚಾರದಲ್ಲಿ ಅವನ ಮುಂದೆ. ಶೂನ್ಯಸಂಪಾದನೆಯವರು ಈ ಇಬ್ಬರ ವಚನಗಳನ್ನು ಎದುರುಬದುರು ಕೂರಿಸಿ ಒಂದು ಅಧ್ಯಾಯವನ್ನೇ ಮಾಡಿದ್ದು ಸುಮ್ಮನಲ್ಲ. ಮಾರಯ್ಯನ ವಚನವನ್ನು ಲಕ್ಕಮ್ಮನಿಲ್ಲದೆ ಪಾಠ ಮಾಡಿದರೆ ಅರ್ಧ ಪಾಠ ಎಂದೇ ನನ್ನ ತೀರ್ಮಾನ. ಪಠ್ಯಪುಸ್ತಕಕ್ಕೆ ಜಾಗವಿಲ್ಲದಿರಬಹುದು, ಕೊಂಡಿಗೆ ಜಾಗ ಬೇಕಾಗುವುದಿಲ್ಲ.

ಇನ್ನುಳಿದ ಎರಡು ಮನೆಗಳನ್ನು ಸುತ್ತಲಿನ ತಾಲೂಕುಗಳಲ್ಲೇ ಹುಡುಕಬಹುದು. ಜೇವರ್ಗಿಯಲ್ಲಿ ಹದಿನೇಳನೆಯ ಶತಮಾನದ ಷಣ್ಮುಖಸ್ವಾಮಿ ಇದ್ದಾರೆ. ತಮ್ಮ ಗುರು ಅಖಂಡೇಶ್ವರನ ಹೆಸರನ್ನೇ ಅಂಕಿತ ಮಾಡಿಕೊಂಡು ಏಳುನೂರಕ್ಕೂ ಹೆಚ್ಚು ವಚನ ಬರೆದವರು. ಬಸವಣ್ಣನ ಕಾಲಕ್ಕೂ ಅವರಿಗೂ ನಡುವೆ ಸುಮಾರು ಐದುನೂರು ವರ್ಷ. ಒಂದೇ ಪದ ಹನ್ನೆರಡನೆಯ ಶತಮಾನದಲ್ಲಿ ಬೀದಿಯಿಂದ ಬಂದಂತಿದ್ದದ್ದು ಜೇವರ್ಗಿಗೆ ಬರುವ ಹೊತ್ತಿಗೆ ಷಟ್ಸ್ಥಲದ ಶಾಸ್ತ್ರದೊಳಗೆ ಕ್ರಮವಾಗಿ ಕೂತಿರುವುದನ್ನು ಮಕ್ಕಳು ಪಕ್ಕಪಕ್ಕ ಇಟ್ಟು ನೋಡಬಹುದು.

ಆಳಂದದ ಕೊಂಡಿ ಸ್ವಲ್ಪ ಸುಡುವಂಥದ್ದು. ‘ಎನ್ನಯ್ಯ ಚೆನ್ನರಾಮ’ ಎಂಬ ಅಂಕಿತದ ಏಕಾಂತರಾಮಿತಂದೆಯ ವಚನಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದನ್ನು ಹಿಡಿದು ಹೊರಟರೆ ನೂರಾರು ಕಿಲೋಮೀಟರ್ ದೂರದ ಹಾವೇರಿ ಜಿಲ್ಲೆಯ ಅಬ್ಬಲೂರಿಗೆ ಹೋಗಿ ಮುಟ್ಟುತ್ತೇವೆ. ಅಲ್ಲಿಯ ಸೋಮೇಶ್ವರ ಗುಡಿಯ ಸುಮಾರು 1200ರ ಶಾಸನದಲ್ಲಿ ಏಕಾಂತದ ರಾಮಯ್ಯ ಎಂಬ ಹೆಸರಿನಲ್ಲಿ ಅವನ ಕಥೆಯಿದೆ, ಅವನು ಆಳಂದೆಯವನು ಎಂಬ ಮಾತಿದೆ. ಹರಿಹರ ಅವನ ಮೇಲೆ ರಗಳೆ ಬರೆದಿದ್ದಾನೆ. ಆದರೆ ಆ ಕಥೆ ಜೈನರೊಂದಿಗಿನ ಪಂಥದ ಕಥೆ, ಗೆದ್ದವರು ಕೊರೆಸಿದ ಕಲ್ಲು. ಈ ಬಾಗಿಲು ತೆರೆಯುವ ಶಿಕ್ಷಕರು ಅದನ್ನೂ ಹೇಳಬೇಕು. ಸೋತವರ ಮಾತು ಈ ಕಲ್ಲಿನಲ್ಲಿಲ್ಲ ಎಂದು ತಿಳಿದು ಓದುವುದೂ ಓದಿನ ಭಾಗ. ಕೊಂಡಿಗಳೆಲ್ಲ ನಮ್ಮನ್ನು ಹಿಗ್ಗಿಸುವ ಕಡೆಗೇ ಒಯ್ಯಬೇಕೆಂದಿಲ್ಲ.

ಐದಕ್ಕಿಂತ ಹೆಚ್ಚು ಬೇಡ. ಐವತ್ತು ಕೊಂಡಿ ಸಿಕ್ಕಾವು, ಸಿಕ್ಕರೂ ಬಿಡಬೇಕು. ಜಾಲದಲ್ಲಿ ಹೊರಟ ಓದು ಹಾದಿ ತಪ್ಪುವುದು ಬೇಗ. ಮಾರಯ್ಯನಿಂದ ಅಕ್ಕಿಗೆ, ಅಕ್ಕಿಯಿಂದ ಅಡಿಗೆಗೆ, ಅಡಿಗೆಯಿಂದ ಯಾವುದೋ ವಿಡಿಯೋಗೆ ಹತ್ತು ನಿಮಿಷ ಸಾಕು. ಮಕ್ಕಳು ಪ್ರತಿ ಬಾಗಿಲಿನಿಂದ ಒಂದೇ ಒಂದು ವಾಕ್ಯ ಬರೆದು ತರಲಿ, ಅದು ತಮ್ಮದೇ ವಾಕ್ಯವಾಗಿರಲಿ. ಎಲ್ಲರೂ ಮರಳಿ ಬಂದ ಮೇಲೆ ವಚನವನ್ನು ನಾಲ್ಕನೆಯ ಸಲ ಗಟ್ಟಿಯಾಗಿ ಓದಲಿ. ಈ ನಾಲ್ಕನೆಯ ಓದಿನಲ್ಲಿ ದನಿ ಬದಲಾಗಿದ್ದರೆ, ಹಿಂದೆ ಓಡಿಸಿಕೊಂಡು ಹೋದ ಒಂದು ಪದದ ಮೇಲೆ ಈಗ ಮಗು ತಾನಾಗಿ ನಿಂತರೆ, ಪಾಠ ಆಗಿದೆ. ಬದಲಾಗದಿದ್ದರೆ ಬರಿ ಸುತ್ತಾಟವಾಗಿದೆ. ಪರೀಕ್ಷೆಯ ಅಂಕಕ್ಕಿಂತ ಈ ಅಳತೆಯನ್ನು ನಾನು ಹೆಚ್ಚು ನಂಬುತ್ತೇನೆ.

ಕೊಂಡಿಗಳಲ್ಲೂ ಜಾತಿಯುಂಟು. ‘ಜಂಗಮ’ ಎಂಬ ಪದ ಒತ್ತಿದ ಕೂಡಲೇ ‘ಚಲಿಸುವವನು’ ಎಂದು ಅರ್ಥ ಹೇಳಿ ಮುಗಿಸುವುದು ಬಡ ಕೊಂಡಿ, ಅದು ನಿಘಂಟಿನ ಕೆಲಸ. ಅದೇ ಪದದಿಂದ ಊರೂರು ತಿರುಗುವ ಅಯ್ಯನವರ ಚಿತ್ರಕ್ಕೆ, ಅಲ್ಲಿಂದ ಸ್ಥಾವರ ಎಂಬ ಎದುರು ಪದಕ್ಕೆ ಹೋದರೆ ಪ್ರಶ್ನೆ ಹುಟ್ಟುತ್ತದೆ. ಪ್ರಶ್ನೆ ಹುಟ್ಟಿಸುವ ಕೊಂಡಿಯೇ ಇಟ್ಟುಕೊಳ್ಳತಕ್ಕದ್ದು.

ಇದನ್ನೆಲ್ಲ ಓದಿದ ಹಳ್ಳಿ ಶಾಲೆಯ ಶಿಕ್ಷಕರು ನಕ್ಕಾರು. ಕರೆಂಟು ಯಾವಾಗ ಹೋಗುತ್ತದೋ, ನೆಟ್‌ವರ್ಕು ಬೇಕೆಂದರೆ ಮಾಳಿಗೆ ಹತ್ತಬೇಕು, ಕಂಪ್ಯೂಟರ್ ಕೋಣೆಗೆ ಬೀಗ. ಗೊತ್ತು. ಆದರೆ ಶಿಕ್ಷಕರ ಕಿಸೆಯಲ್ಲಿ ಒಂದು ಮೊಬೈಲು ಇದ್ದೇ ಇದೆ. ಹಿಂದಿನ ರಾತ್ರಿ ಮನೆಯಲ್ಲಿ ಹುಡುಕಿ, ಐದು ವಚನಗಳನ್ನು ಐದು ಚೀಟಿಯಲ್ಲಿ ಬರೆದು ತಂದರೂ ಸಾಕು. ದೊಡ್ಡ ಡ್ರಾಯಿಂಗ್ ಶೀಟಿನ ನಡುವೆ ಮಾರಯ್ಯನ ವಚನ ಬರೆದು, ಸುತ್ತ ಚೀಟಿ ಅಂಟಿಸಿ, ಪದದಿಂದ ಚೀಟಿಗೆ ಬಣ್ಣದ ದಾರ ಎಳೆದರೆ ಅದೇ ಹೈಪರ್‌ಟೆಕ್ಸ್ಟ್. ವಿದ್ಯುತ್ತು ಬೇಡ. ದಾರವನ್ನು ಎಲ್ಲಿಂದ ಎಲ್ಲಿಗೆ ಎಳೆಯಬೇಕು ಎಂದು ಮಕ್ಕಳು ಜಗಳಾಡಲಿ. ಆ ಜಗಳದಲ್ಲಿ ಅವರು ಆ ವಚನವನ್ನು ಎಷ್ಟು ಸಲ ಓದಿಬಿಡುತ್ತಾರೆಂದು ಅವರಿಗೇ ತಿಳಿಯುವುದಿಲ್ಲ. ದಾರದ ಜಾಲ ನನಗೆ ಪರದೆಯ ಜಾಲಕ್ಕಿಂತ ಒಂದು ಗುಲಗಂಜಿ ಹೆಚ್ಚೇ ಹಿತ, ಏಕೆಂದರೆ ಹೋದ ದಾರಿ ಕಣ್ಣೆದುರು ಉಳಿಯುತ್ತದೆ.

ಜಾಲದಲ್ಲಿ ಇಲ್ಲದ್ದು ಇನ್ನೂ ಬಹಳ. ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪ ಮತ್ತು ಅವರ ಶಿಷ್ಯ ಬಳಗದ ತತ್ವಪದಗಳು ಅಚ್ಚಾಗಿವೆ, ಆದರೆ ಅವುಗಳ ನಿಜವಾದ ವಾಸ ಏಕತಾರಿ, ದಮ್ಮಡಿ ಹಿಡಿದು ರಾತ್ರಿಯಿಡೀ ಹಾಡುವ ಭಜನೆ ಮಂಡಳಿಗಳಲ್ಲಿ. ಆ ಬಳಗದಲ್ಲಿ ಚೆನ್ನೂರ ಜಲಾಲಸಾಹೇಬರೂ ಇದ್ದಾರೆ. ಒಂದು ಪದವನ್ನು ಒಬ್ಬ ಅಜ್ಜ ಹಾಡಿದ್ದಕ್ಕೂ ಪುಸ್ತಕದಲ್ಲಿದ್ದದ್ದಕ್ಕೂ ವ್ಯತ್ಯಾಸವಿರುತ್ತದೆ. ಮೊಬೈಲಿನಲ್ಲಿ ಅಜ್ಜನ ದನಿ ಹಿಡಿದು ತಂದ ಮಗು ಬರಿ ಓದುಗನಾಗಿ ಉಳಿಯುವುದಿಲ್ಲ, ಹಳಕಟ್ಟಿಯವರು ಮಾಡಿದ್ದನ್ನೇ ತನ್ನ ಊರಿನ ಮಟ್ಟಿಗೆ ಮಾಡಿದ ಹಾಗಾಗುತ್ತದೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಈಗ ಆಳಂದ ತಾಲೂಕಿನ ಕಡಗಂಚಿಯಲ್ಲಿದೆ. ಶಾಲೆಯ ಮಕ್ಕಳು ಕೂಡಿಸಿದ್ದನ್ನು ಕಾಪಿಡಲು ಅದಕ್ಕಿಂತ ಹತ್ತಿರದ ಜಾಗ ಬೇಕಿಲ್ಲ.

ಕಡಗಂಚಿ ಎಂದಾಗ ಮಾತು ಮತ್ತೆ ಗಾಣಗಾಪುರಕ್ಕೆ ಹೊರಳುತ್ತದೆ. ಭೀಮಾ-ಅಮರ್ಜಾ ಸಂಗಮದ ಅತ್ತಿಯ ಮರದ ಕೆಳಗೆ, ಗುಡಿಯ ಪೌಳಿಯಲ್ಲಿ ದಿನವೂ ಗುರುಚರಿತ್ರೆಯ ಪಾರಾಯಣ ನಡೆಯುತ್ತದೆ. ಇಲ್ಲಿಯ ಗುರು ನರಸಿಂಹ ಸರಸ್ವತಿಗಳ ಬದುಕನ್ನು ಹೇಳುವ ಆ ಗ್ರಂಥ ಮರಾಠಿ, ಬರೆದವನು ಸರಸ್ವತಿ ಗಂಗಾಧರ. ಮರಾಠಿ ತನಗೆ ಸಲೀಸಾಗಿ ಬಾರದ ಭಾಷೆ ಎಂದು ಅವನೇ ಮೊದಲಲ್ಲಿ ಹೇಳಿಕೊಳ್ಳುತ್ತಾನೆ. ಗುರುಗಳ ಶಿಷ್ಯ ಸಾಯಂದೇವನ ವಂಶದವನು ಅವನು, ಆ ಮನೆತನದ ನಂಟು ಕಡಗಂಚಿಯೊಂದಿಗೆ ಎಂದು ಪರಂಪರೆ. ಕಥೆಯೊಳಗೆ ಕಥೆ, ಸಿದ್ಧಮುನಿ ಹೇಳುವುದು, ನಾಮಧಾರಕ ಕೇಳುವುದು, ಹೀಗೆ ಬಾಗಿಲೊಳಗೆ ಬಾಗಿಲಿರುವ ಗ್ರಂಥ.

ಅದರ ಕೊನೆಯ ಅಧ್ಯಾಯಗಳ ಕಡೆಗೆ ಸಾಯಂದೇವ ಗುರುವನ್ನು ಸ್ತುತಿಸುವ ಸನ್ನಿವೇಶದಲ್ಲಿ, ಮರಾಠಿ ಓವಿಗಳ ನಡುವೆ, ಇದ್ದಕ್ಕಿದ್ದಂತೆ ಒಂದು ಕನ್ನಡ ಹಾಡು ಬರುತ್ತದೆ. ಗುರುವನ್ನು ಇಂದು ಕಂಡೆನಲ್ಲ ಎಂಬ ಸಂತೋಷದ ಹಾಡು. ದೇವನಾಗರಿ ಅಕ್ಷರದಲ್ಲಿ, ಕನ್ನಡ ಪದಗಳು ಎಲ್ಲಿ ಮುಗಿದು ಎಲ್ಲಿ ಶುರುವಾಗುತ್ತವೆ ಎಂದು ತಿಳಿಯದ ಕೈಗಳು ಅಚ್ಚು ಮಾಡುತ್ತ ಬಂದದ್ದರಿಂದ ಪದಕ್ಕೆ ಪದ ಅಂಟಿಕೊಂಡಿದೆ. ಮಹಾರಾಷ್ಟ್ರದ ಊರೂರುಗಳಲ್ಲಿ ಏಳು ದಿನದ ಪಾರಾಯಣಕ್ಕೆ ಕೂತ ಲಕ್ಷಾಂತರ ಮಂದಿ ಆ ಸಾಲುಗಳನ್ನು ಮಂತ್ರವೆಂದುಕೊಂಡು ಭಕ್ತಿಯಿಂದ ಉಚ್ಚರಿಸುತ್ತಾರೆ.

ಒಂದು ಶಾಲೆಗೆ ಇದಕ್ಕಿಂತ ಒಳ್ಳೆಯ ಪುಟ್ಟ ಕೃತಿ ಎಲ್ಲಿ ಸಿಕ್ಕೀತು? ಹಾಡನ್ನು ದೇವನಾಗರಿಯಿಂದ ಕನ್ನಡ ಲಿಪಿಗೆ ಇಳಿಸಬೇಕು. ಅಂಟಿಕೊಂಡ ಪದಗಳನ್ನು ಬಿಡಿಸಬೇಕು. ಎರಡು ಮೂರು ಅಚ್ಚಿನ ಪ್ರತಿಗಳನ್ನು ಪಕ್ಕಕ್ಕಿಟ್ಟು ಎಲ್ಲಿ ಅಕ್ಷರ ಜಾರಿದೆ ನೋಡಬೇಕು. ಸಂಗಮದ ಚಿತ್ರ ತೆಗೆಯಬೇಕು, ಆಳಂದದ ಕೋರಳ್ಳಿಯ ಅಣೆಕಟ್ಟು ದಾಟಿ ಅಮರ್ಜಾ ಬರುವ ದಾರಿ ಗುರುತಿಸಬೇಕು. ‘ಸಂಗಮ’ ಎಂಬ ಪದ ಹಿಡಿದು ಕೃಷ್ಣಾ-ಮಲಪ್ರಭಾ ಕೂಡುವ ಬಸವಣ್ಣನ ಕೂಡಲಸಂಗಮಕ್ಕೆ ಹೋಗಿ ಬರಬೇಕು. ಗಾಣಗಾಪುರದ ಭೀಮೆಯ ನೀರು ಮುಂದೆ ಹರಿದು ರಾಯಚೂರಿನ ಉತ್ತರಕ್ಕೆ ಅದೇ ಕೃಷ್ಣೆಯನ್ನು ಸೇರುತ್ತದೆ ಎಂದು ನಕಾಶೆಯಲ್ಲಿ ಬೆರಳಿಟ್ಟು ತೋರಿಸಬೇಕು. ಮರಾಠಿ ಬಲ್ಲ ಅಜ್ಜಿಯೊಬ್ಬಳಿಂದ ಹಿಂದುಮುಂದಿನ ಓವಿಗಳ ಅರ್ಥ ಕೇಳಬೇಕು. ಅಂಥ ಅಜ್ಜಿಯರು ಗಡಿಯ ಈ ಊರುಗಳಲ್ಲಿ ಮನೆಗೊಬ್ಬರಿದ್ದಾರೆ.

ಅಫಜಲಪುರ, ಆಳಂದ, ಜೇವರ್ಗಿಯ ಕನ್ನಡ ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟೆ. ಈ ವರ್ಷ ಒಂದೇ ಒಂದು ಪುಟ್ಟ ಕೃತಿಯನ್ನು ಹೀಗೆ ಓದಿಸಿ ನೋಡಿ, ವಚನವಾದರೂ ಸರಿ, ಆ ಹಾಡಾದರೂ ಸರಿ. ಪಾರಾಯಣಕ್ಕೆ ಬಂದವರು ಅರ್ಥ ತಿಳಿಯದೆ ಉಚ್ಚರಿಸುವ ಆ ಸಾಲುಗಳ ಅರ್ಥ ಹೇಳಬಲ್ಲ ಮಕ್ಕಳು, ಅವರಿಗೆ ಮಧುಕರಿ ಹಾಕುವ ಮನೆಗಳ ಒಳಗೇ ಇದ್ದಾರೆ.